ಅವಳ ಬೆರಳಿಗಿಂತ ಮೊದಲು ನಮ್ಮ ಬೆರಳು: ಟ್ಯಾಬ್ಲೆಟ್‌ನಲ್ಲಿ ಮಾತು ಕಂಡುಕೊಂಡ ಹುಡುಗಿಯೊಬ್ಬಳ ಪ್ರಕರಣ

ಹುಡುಗಿಗೆ ಆಗ ಎಂಟು ವರ್ಷ, ಮೂರನೇ ತರಗತಿ. ಡಿಸ್ಕೈನೆಟಿಕ್ ಬಗೆಯ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ಹಾನಿಯಿಂದ ಚಲನೆಯ ಹಿಡಿತ ತಪ್ಪಿದ ಸ್ಥಿತಿ. ಕೈಕಾಲು ಅವಳ ಮಾತು ಕೇಳುವುದಿಲ್ಲ; ಒಂದು ಕಡೆ ಚಾಚಿದ ಕೈ ದಾರಿಯಲ್ಲೇ ತಿರುಚಿಕೊಂಡು ಇನ್ನೆಲ್ಲೋ ಹೋಗುತ್ತದೆ. ನಾಲಿಗೆ, ತುಟಿಯ ಸ್ನಾಯುಗಳದ್ದೂ ಅದೇ ಕಥೆ. ಬಾಯಿಂದ ಹೊರಡುವ ಸದ್ದು ಅವಳ ಅಮ್ಮನಿಗೆ ಮಾತ್ರ ಅರ್ಥವಾಗುತ್ತಿತ್ತು, ಅವರಿಗೂ ಪೂರ್ತಿಯಲ್ಲ. ಕಿವಿ ಚುರುಕು. ಹೌದು ಎನ್ನಲು ಕಣ್ಣು ಮೇಲೆತ್ತುತ್ತಾಳೆ, ಅಲ್ಲ ಎನ್ನಲು ಮುಖ ಎಡಕ್ಕೆ ತಿರುಗಿಸುತ್ತಾಳೆ. ತರಗತಿಯಲ್ಲಿ ಕಥೆ ಹೇಳುವಾಗ ನಗಬೇಕಾದ ಜಾಗ ಬರುವ ಒಂದು ಕ್ಷಣ ಮೊದಲೇ ನಗುತ್ತಿದ್ದಳು. ಒಳಗೆ ಭಾಷೆ ತುಂಬಿದೆ, ಹೊರಗೆ ಬರಲು ಬಾಗಿಲಿಲ್ಲ ಎಂದು ನನಗೆ ಗೊತ್ತಾದದ್ದು ಆ ನಗುವಿನಿಂದ.

ನಾನು ಅವಳ ಶಾಲೆಗೆ ಬಂದುಹೋಗುವ ವಿಶೇಷ ಶಿಕ್ಷಕಿ. ಸ್ಪೀಚ್ ಥೆರಪಿಸ್ಟ್, ಆಕ್ಯುಪೇಶನಲ್ ಥೆರಪಿಸ್ಟ್, ತರಗತಿಯ ಶಿಕ್ಷಕಿ, ಅವಳ ಅಪ್ಪ-ಅಮ್ಮ ಮತ್ತು ನಾನು ಸೇರಿ ಸುಮಾರು ಎರಡು ವರ್ಷ ಮಾಡಿದ ಕೆಲಸ ಇದು. ಗುರುತು ಸಿಗಬಾರದೆಂದು ಹೆಸರು, ಊರು, ಶಾಲೆಯ ವಿವರಗಳನ್ನು ಬಿಟ್ಟಿದ್ದೇನೆ. ಮನೆಯವರ ಒಪ್ಪಿಗೆ ಇದೆ, ಹುಡುಗಿಯನ್ನೂ ಕೇಳಿದ್ದೇವೆ.

ಟ್ಯಾಬ್ಲೆಟ್ ಯಾಕೆ

ಮಾತಿಗೆ ಜೊತೆಯಾಗುವ ಅಥವಾ ಮಾತಿನ ಬದಲಿಗೆ ನಿಲ್ಲುವ ದಾರಿಗಳನ್ನೆಲ್ಲ ಸೇರಿಸಿ ಪೂರಕ ಮತ್ತು ಪರ್ಯಾಯ ಸಂವಹನ ಎನ್ನುತ್ತಾರೆ. ಕೆಲಸ ಮಾಡುವವರ ಬಾಯಲ್ಲಿ ಅದು ಎಎಸಿ. ಇದು ಟ್ಯಾಬ್ಲೆಟ್ ಜೊತೆಗೆ ಹುಟ್ಟಿದ್ದಲ್ಲ. ಚಾರ್ಲ್ಸ್ ಬ್ಲಿಸ್ ರೂಪಿಸಿದ ಚಿತ್ರಲಿಪಿಯನ್ನು 1971ರಲ್ಲೇ ಟೊರೊಂಟೊದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕೈಗೆ ಕೊಟ್ಟಿದ್ದರು. ಚಿತ್ರದ ಚೀಟಿ ಕೊಟ್ಟು ಬೇಕಾದ್ದನ್ನು ಪಡೆಯುವ ಪೆಕ್ಸ್ ಪದ್ಧತಿ 1985ರದ್ದು. ಮಾತಾಡುವ ಯಂತ್ರಗಳೂ ಇದ್ದವು, ಆದರೆ ತೂಕ ಹೆಚ್ಚು, ಬೆಲೆ ಅದಕ್ಕಿಂತ ಹೆಚ್ಚು. 2009ರಲ್ಲಿ, ಚಿತ್ರದ ಚೌಕ ಮುಟ್ಟಿದರೆ ಆ ಪದವನ್ನು ಆಡುವ ಪ್ರೊಲೊಕ್ವೊ2ಗೋ ಆ್ಯಪ್ ಬಂತು, 2010ರಲ್ಲಿ ಐಪ್ಯಾಡ್ ಬಂತು. ಅಲ್ಲಿಂದ ಮುಂದೆ ಎಲ್ಲರ ಕೈಯಲ್ಲಿರುವ ಸಾಧನವೇ ಮಾತಿನ ಸಾಧನವಾಯಿತು. ಈಗ ಸಿಬೋರ್ಡ್‌ನಂಥ ಮುಕ್ತ ತಂತ್ರಾಂಶವೂ ಇದೆ, ಅರಸಾಕ್‌ನಂಥ ಉಚಿತ ಚಿತ್ರಸಂಗ್ರಹವೂ ಇದೆ. ನಾವು ಯಾವ ಆ್ಯಪ್ ಬಳಸಿದೆವು ಎಂಬುದನ್ನು ಇಲ್ಲಿ ಹೇಳುತ್ತಿಲ್ಲ. ಅದನ್ನೇ ಹಾಕಿಕೊಂಡರೆ ಸಾಕು ಎಂದು ಯಾರಿಗೂ ಅನಿಸಬಾರದು.

ಪರದೆಗಿಂತ ಮೊದಲು ಕುರ್ಚಿ

ಕೂರುವ, ಕೈ ಬಳಸುವ ರೀತಿ ನೋಡುವ ಆಕ್ಯುಪೇಶನಲ್ ಥೆರಪಿಸ್ಟ್ ಮೊದಲ ಎರಡು ವಾರ ಟ್ಯಾಬ್ಲೆಟ್ಟನ್ನು ಚೀಲದಿಂದ ತೆಗೆಯಲೇ ಇಲ್ಲ. ಪಾದ ಗಾಳಿಯಲ್ಲಿ ತೂಗುತ್ತಿದ್ದರೆ ಬೆರಳು ಗುರಿ ಮುಟ್ಟುವುದಿಲ್ಲ ಎಂದು ಅವರು ಹೇಳಿದಾಗ ನನಗೆ ಅಷ್ಟು ಹಿಡಿಸಿರಲಿಲ್ಲ. ಪಾದಕ್ಕೆ ಗಟ್ಟಿಯಾದ ಆಸರೆ, ಸೊಂಟಕ್ಕೆ ಪಟ್ಟಿ, ಮೊಣಕೈ ಊರುವಷ್ಟು ಎತ್ತರದ ಮೇಜು, ಎಡಗೈ ಹಿಡಿದುಕೊಳ್ಳಲು ಮೇಜಿಗೆ ಬಿಗಿದ ಒಂದು ಮರದ ಗೂಟ. ಎಡಗೈ ಗೂಟ ಹಿಡಿದ ಕೂಡಲೇ ಬಲಗೈಯ ಅಲುಗಾಟ ಅರ್ಧಕ್ಕರ್ಧ ತಗ್ಗಿದ್ದನ್ನು ಕಣ್ಣಾರೆ ಕಂಡೆ.

ಆಮೇಲೆ ಪರದೆಯ ಸಂಗತಿ. ಪರದೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕೀಗಾರ್ಡ್ ಹಾಕಿದೆವು; ಪ್ರತಿ ಚೌಕಕ್ಕೂ ಒಂದು ರಂಧ್ರ. ಅಂಗೈ ಅದರ ಮೇಲೆ ಊರಿದರೂ ಯಾವ ಗುಂಡಿಯೂ ಒತ್ತಿಕೊಳ್ಳುವುದಿಲ್ಲ, ಬೆರಳು ಜಾರಿ ರಂಧ್ರದೊಳಗೆ ಇಳಿದಾಗ ಮಾತ್ರ ಒತ್ತಿಕೊಳ್ಳುತ್ತದೆ. ಬೆರಳು ಅರ್ಧ ಸೆಕೆಂಡು ನಿಂತರಷ್ಟೇ ಮಾತು ಹೊರಡುವಂತೆ ಸೆಟ್ಟಿಂಗ್ ಬದಲಿಸಿದೆವು. ಆಟದ ಆ್ಯಪ್‌ಗಳೆಲ್ಲ ಬೇರೆ ಸಾಧನಕ್ಕೆ ಹೋದವು. ಬಾಯಿ ಇರುವುದು ಮಾತಾಡಲಿಕ್ಕೆ. ಅದರಲ್ಲೇ ಕಾರ್ಟೂನ್ ಓಡುತ್ತಿದ್ದರೆ ಮಗು ಮಾತಾಡುವುದು ಯಾವಾಗ? ಆ್ಯಪ್ ಬಿಟ್ಟು ಬೇರೆ ಕಡೆ ಹೋಗದಂತೆ ಪರದೆಯನ್ನು ಬಂಧಿಸಿಡುವ ಸೌಲಭ್ಯ ಐಪ್ಯಾಡ್‌ನಲ್ಲೂ ಇದೆ, ಆಂಡ್ರಾಯ್ಡ್‌ನಲ್ಲೂ ಇದೆ, ಅದನ್ನೂ ಹಾಕಿದೆವು.

ಮೂರು ತಿಂಗಳು ದಂಡ

ಇಷ್ಟೆಲ್ಲ ಆದ ಮೇಲೂ ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ‘ನೀರು ಎಲ್ಲಿದೆ ತೋರಿಸು’ ಎಂದರೆ ತೋರಿಸುತ್ತಿದ್ದಳು. ‘ಕೆಂಪು ಯಾವುದು’ ಎಂದರೆ ಒತ್ತುತ್ತಿದ್ದಳು. ತಾನಾಗಿ ಒಂದು ಪದವನ್ನೂ ಆಡಲಿಲ್ಲ. ಮೂರನೇ ತಿಂಗಳ ಹೊತ್ತಿಗೆ ಟ್ಯಾಬ್ಲೆಟ್ ಮುಂದಿಟ್ಟರೆ ಮುಖ ಎಡಕ್ಕೆ ತಿರುಗಿಸತೊಡಗಿದಳು. ‘ಅವಳಿಗೆ ಆಸಕ್ತಿ ಇಲ್ಲ, ಇದು ಅವಳ ಮಟ್ಟಕ್ಕೆ ಹೆಚ್ಚಾಯಿತು’ ಎಂಬ ಮಾತು ಶಾಲೆಯಲ್ಲಿ ಎದ್ದಿತು. ಬಹಳಷ್ಟು ಮಕ್ಕಳ ಟ್ಯಾಬ್ಲೆಟ್‌ಗಳು ಕಪಾಟು ಸೇರುವುದು ಈ ಮಾತು ಏಳುವ ದಿನವೇ.

ಸ್ಪೀಚ್ ಥೆರಪಿಸ್ಟ್ ಒಂದು ಅರ್ಧ ಗಂಟೆಯ ಪಾಠವನ್ನು ವಿಡಿಯೋ ಮಾಡಿ, ‘ಅವಳನ್ನು ಬಿಟ್ಟು ನಿಮ್ಮನ್ನು ಮಾತ್ರ ನೋಡಿಕೊಳ್ಳಿ’ ಅಂದರು. ನೋಡಿದೆ. ಆ ಅರ್ಧ ಗಂಟೆಯಲ್ಲಿ ನಾನು 41 ಪ್ರಶ್ನೆ ಕೇಳಿದ್ದೆ. ಉತ್ತರ ನನಗೆ ಮೊದಲೇ ಗೊತ್ತಿದ್ದ ಪ್ರಶ್ನೆಗಳೇ ಎಲ್ಲ. ಅವಳ ಕೈ ಹೊರಟು ದಾರಿಯಲ್ಲಿರುವಾಗಲೇ ಮುಂದಿನ ಪ್ರಶ್ನೆ ಕೇಳಿದ್ದೆ. ಎರಡು ಸಲ ಅವಳ ಮಣಿಕಟ್ಟು ಹಿಡಿದು ನಾನೇ ಗುಂಡಿಯವರೆಗೆ ಒಯ್ದಿದ್ದೆ. ಇಡೀ ಅರ್ಧ ಗಂಟೆಯಲ್ಲಿ ನಾನಾಗಿ ಆ ಪರದೆಯನ್ನು ಮುಟ್ಟಿ ಏನನ್ನಾದರೂ ಹೇಳಿದ್ದು ಒಂದು ಬಾರಿಯೂ ಇಲ್ಲ. ಅವಳ ಪಾಲಿಗೆ ಅದು ಪರೀಕ್ಷೆಯ ಹಲಗೆಯಾಗಿತ್ತು. ಮಾತಿನ ಸಾಧನವಾಗಲು ನಾವು ಬಿಟ್ಟಿರಲೇ ಇಲ್ಲ.

ಪುಟದಲ್ಲಿ ಏನಿತ್ತೆಂದು ನೋಡಿದರೂ ಅದೇ ಕಥೆ. 24 ಚೌಕಗಳಲ್ಲಿ ನೀರು, ಊಟ, ಶೌಚಾಲಯ, ಪುಸ್ತಕ, ಚೆಂಡು ಎಂಬಂಥ ಹೆಸರುಗಳು. ‘ಬೇಡ’ ಇದ್ದದ್ದು ಎರಡನೇ ಪುಟದಲ್ಲಿ. ‘ಯಾಕೆ’ ಎಲ್ಲೂ ಇರಲಿಲ್ಲ. ಬೇಡ ಎನ್ನಲು ಎರಡು ಗುಂಡಿ ದಾಟಬೇಕು, ಒಂದೊಂದಕ್ಕೂ ಐದಾರು ಸೆಕೆಂಡು. ಅಷ್ಟರಲ್ಲಿ ಬೇಡವಾದದ್ದು ನಡೆದೇ ಹೋಗಿರುತ್ತದೆ. ಅದಕ್ಕಿಂತ ಮುಖ ತಿರುಗಿಸುವುದು ಸಲೀಸು. ಅವಳು ಅದನ್ನೇ ಮಾಡಿದಳು.

ಲೆಕ್ಕವೊಂದು

ಈ ಕ್ಷೇತ್ರದವರು ಮತ್ತೆ ಮತ್ತೆ ಹೇಳುವ ಒಂದು ಲೆಕ್ಕವಿದೆ, ನಾನೂ ಕೂತು ಕೂಡಿಸಿ ನೋಡಿದೆ. ದಿನಕ್ಕೆ ಎಂಟು ಗಂಟೆಯಂತೆ ಒಂದೂವರೆ ವರ್ಷದ ಕೂಸು ಕೇಳಿಸಿಕೊಳ್ಳುವ ಮಾತು 4,380 ಗಂಟೆ. ಅಷ್ಟು ಕೇಳಿದ ಮೇಲೆ ಅದರ ಬಾಯಲ್ಲಿ ಹತ್ತಿಪ್ಪತ್ತು ಪದ ಬಂದರೆ ನಮಗೆ ಸಂತೋಷ. ಚಿತ್ರದ ಗುಂಡಿಯಲ್ಲಿ ಮಾತಾಡಬೇಕಾದ ಮಗು ಆ ಭಾಷೆಯನ್ನು ಬೇರೆಯವರು ‘ಆಡುವುದನ್ನು’ ನೋಡುವುದು ವಾರಕ್ಕೆ ಒಂದು ಗಂಟೆಯ ಥೆರಪಿಯಲ್ಲಿ ಮಾತ್ರ ಎಂದುಕೊಳ್ಳಿ. ಅದೇ 4,380 ಗಂಟೆ ತುಂಬಲು 84 ವರ್ಷ ಬೇಕು. ನಮ್ಮ ಹುಡುಗಿಗೆ ಆ ಒಂದು ಗಂಟೆಯೂ ಸಿಕ್ಕಿರಲಿಲ್ಲ. ಪ್ರಶ್ನೆಗಳು ಮಾತ್ರ ಸಿಕ್ಕಿದ್ದವು.

ಆ ದಿನದಿಂದ ಕೆಲಸ ತಿರುವು ಪಡೆಯಿತು. ನಾವು ಬಾಯಲ್ಲಿ ಮಾತಾಡುವಾಗ ಮುಖ್ಯವಾದ ಒಂದೆರಡು ಪದಗಳನ್ನು ಅವಳ ಪರದೆಯಲ್ಲೂ ಮುಟ್ಟಬೇಕು. ‘ನಾವು ಈಗ ಹೊರಗೆ ಹೋಗೋಣ’ ಅನ್ನುವಾಗ ‘ಹೊರಗೆ’, ‘ಹೋಗು’. ಪೆನ್ಸಿಲ್ ಮುರಿದಾಗ ‘ಅಯ್ಯೋ’. ಅವಳು ಹಿಂದಿರುಗಿ ಏನಾದರೂ ಒತ್ತಲೇಬೇಕೆಂಬ ನಿರೀಕ್ಷೆ ಇಲ್ಲ. ಹೇಳಿ ಆದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುತ್ತ ಕಾಯಬೇಕು. ಆ ಹತ್ತು ಎಷ್ಟು ಉದ್ದ ಎಂಬುದು ಕಾದವರಿಗೇ ಗೊತ್ತು. ಕೈ ಹಿಡಿದು ಒತ್ತಿಸುವುದು ಪೂರ್ತಿ ಬಂದ್. ಇದರ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಬೇರೆಯವರು ಕೈ ಹಿಡಿದು ಟೈಪ್ ಮಾಡಿಸುವ ‘ಫೆಸಿಲಿಟೇಟೆಡ್ ಕಮ್ಯುನಿಕೇಶನ್’ನಲ್ಲಿ ಹೊರಬರುವುದು ಹಿಡಿದವರ ಮಾತು ಎಂದು ಪರೀಕ್ಷೆಗಳು ತೋರಿಸಿವೆ, ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘವಾದ ಆಶಾ ಅದನ್ನು ಬಳಸಬಾರದೆಂದು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಧಾನವಾದರೂ ಸರಿ, ತಪ್ಪಾದರೂ ಸರಿ, ಬೆರಳು ಅವಳದ್ದಾಗಿರಬೇಕು.

‘ನಾನು ಬೇಕು ನೀರು’

ಪದಗಳನ್ನು ಮತ್ತೆ ಜೋಡಿಸಲು ಕೂತಾಗ ಕನ್ನಡದ್ದೇ ಆದ ತೊಡಕುಗಳು ಎದುರಾದವು. ಸಿದ್ಧವಾಗಿ ಬಂದ ಪುಟ ಇಂಗ್ಲಿಷ್‌ನಿಂದ ಒಂದೊಂದೇ ಪದ ಅನುವಾದಗೊಂಡದ್ದು. ‘ನಾನು’, ‘ಬೇಕು’, ‘ನೀರು’ ಎಂದು ಎಡದಿಂದ ಒತ್ತಿದರೆ ಯಂತ್ರ ‘ನಾನು ಬೇಕು ನೀರು’ ಎನ್ನುತ್ತದೆ. ‘ನಾನು ಬೇಕು’ ಅಂದರೆ ಯಾರಿಗೋ ನಾನು ಬೇಕಾಗಿದ್ದೇನೆ ಎಂದರ್ಥ! ಕನ್ನಡದಲ್ಲಿ ಬೇಕು, ಬೇಡ, ಗೊತ್ತು, ಇಷ್ಟ, ನೋವು ಎಲ್ಲಕ್ಕೂ ‘ನನಗೆ’ ಬೇಕು. ಹಾಗಾಗಿ ‘ನಾನು’ ಪಕ್ಕದಲ್ಲಿ ‘ನನಗೆ’ಗೂ ಒಂದು ಚೌಕ ಕೊಟ್ಟೆವು, ಕ್ರಿಯಾಪದಗಳನ್ನು ಬಲಗಡೆಗೆ ತಂದೆವು, ಬೆರಳು ಎಡದಿಂದ ಬಲಕ್ಕೆ ಹೋದರೆ ವಾಕ್ಯ ಕನ್ನಡದ ಕ್ರಮದಲ್ಲೇ ಮುಗಿಯಲಿ ಎಂದು. ವಿಭಕ್ತಿ ಪ್ರತ್ಯಯಗಳಿಗೆ ಗುಂಡಿ ಕೊಡಲಿಲ್ಲ. ಅವಳು ‘ಮನೆ ಹೋಗು’ ಎಂದು ಒತ್ತಿದರೆ ನಾವು ‘ಮನೆಗೆ ಹೋಗಬೇಕಾ? ಇನ್ನೊಂದು ಪಾಠ ಆದ ಮೇಲೆ ಹೋಗೋಣ’ ಎಂದು ತುಂಬಿ ಆಡುತ್ತೇವೆ. ಪ್ರತ್ಯಯ ಕಿವಿಯಿಂದ ಬರಲಿ ಎಂದುಕೊಂಡೆವು. ಮಾತಾಡುವ ಮಕ್ಕಳಿಗೂ ಅದು ಕಿವಿಯಿಂದಲೇ ಬರುವುದು.

ಇನ್ನೊಂದು, ಬಹುವಚನ. ಆ ಪುಟದಲ್ಲಿ ಎಲ್ಲವೂ ‘ಬನ್ನಿ’, ‘ಕೊಡಿ’, ‘ನೋಡಿ’. ಪಕ್ಕದ ಬೆಂಚಿನ ಗೆಳತಿಗೆ ಎಂಟು ವರ್ಷದ ಹುಡುಗಿ ‘ಬನ್ನಿ’ ಎಂದರೆ ಆ ಗೆಳತಿ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಾಳೆ. ‘ಬಾ’, ‘ಕೊಡು’, ‘ನೋಡು’ ಮುಖಪುಟಕ್ಕೆ ಬಂದವು. ದೊಡ್ಡವರನ್ನು ಏಕವಚನದಲ್ಲಿ ಕರೆದಂತಾಗುತ್ತದಲ್ಲ ಎಂದು ನಾನು ಅಳುಕಿದಾಗ ತರಗತಿಯ ಶಿಕ್ಷಕಿ, ‘ನನ್ನನ್ನು ಬಾ ಅಂದರೂ ಸರಿ, ಕರೆದರೆ ಸಾಕು’ ಎಂದರು. ಆರು ತಿಂಗಳಾದ ಮೇಲೆ ಬಹುವಚನದ ರೂಪಗಳನ್ನು ಇನ್ನೊಂದು ಪುಟದಲ್ಲಿ, ಅದೇ ಜಾಗದ ಚೌಕಗಳಲ್ಲೇ ಇಟ್ಟೆವು. ಬಾ ಇದ್ದ ಕಡೆ ಬನ್ನಿ, ಕೊಡು ಇದ್ದ ಕಡೆ ಕೊಡಿ. ಕೈ ಹೊಸ ದಾರಿ ಕಲಿಯಬೇಕಾಗಲಿಲ್ಲ.

ಧ್ವನಿಯ ಬಗ್ಗೆಯೂ ಒಂದು ಮಾತು. ಯಂತ್ರದ ಧ್ವನಿ ದೊಡ್ಡ ಹೆಂಗಸಿನದ್ದು. ಅದೇ ಬೆಂಚಿನ ಗೆಳತಿ ಎರಡು ಮಧ್ಯಾಹ್ನ ಕೂತು ಮುಖಪುಟದ ಪದಗಳನ್ನೆಲ್ಲ ತನ್ನ ಧ್ವನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟಳು. ‘ಬೇಡ’ವನ್ನು ಎಷ್ಟು ಖಡಾಖಂಡಿತವಾಗಿ ಹೇಳಿದ್ದಾಳೆಂದರೆ ಅದನ್ನು ಒತ್ತಿದಾಗಲೆಲ್ಲ ನಮ್ಮ ಹುಡುಗಿಯ ಮುಖ ಅರಳುತ್ತದೆ.

ನಾನು ಮಾಡಿದ ತಪ್ಪು

ಐದನೇ ತಿಂಗಳಲ್ಲಿ ಪದಗಳು ಸಾಲದಾದವು. ಒಂದು ರಜಾದಿನ ಕೂತು 24 ಚೌಕಗಳನ್ನು 40 ಮಾಡಿದೆ. ಬಣ್ಣ ಹೊಂದಿಸಿದೆ, ಗುಂಪು ಮಾಡಿದೆ, ಹೊಸ ಕೀಗಾರ್ಡ್ ತರಿಸಿದೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಸೋಮವಾರ ಅವಳು ‘ಬಾ’ ಎನ್ನಲು ಹೋದಳು, ‘ಹಾಡು’ ಎಂದಿತು. ಮತ್ತೆ ಅದೇ ಜಾಗ ಮುಟ್ಟಿದಳು, ಮತ್ತೆ ‘ಹಾಡು’. ನನ್ನ ಮುಖ ನೋಡಿದಳು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಕೈಯನ್ನು ಮೇಜಿನಿಂದ ಕೆಳಗಿಳಿಸಿಬಿಟ್ಟಿದ್ದಳು.

ಅವಳು ಚಿತ್ರ ನೋಡಿ ಒತ್ತುತ್ತಿರಲಿಲ್ಲ. ಕೈಯ ದಾರಿಯನ್ನು ಕಲಿತಿದ್ದಳು, ನಾವು ಅಕ್ಷರ ನೋಡದೆ ಟೈಪ್ ಮಾಡುವ ಹಾಗೆ. ಮಾತು ಕೇಳದ ಆ ಕೈಗೆ ಒಂದೊಂದು ದಾರಿ ಕಲಿಸಲು ಅವಳು ತಿಂಗಳುಗಟ್ಟಲೆ ಪಟ್ಟ ಪಾಡನ್ನು ನಾನು ಒಂದು ಮಧ್ಯಾಹ್ನದಲ್ಲಿ ಅಳಿಸಿಹಾಕಿದ್ದೆ. ನಿದ್ದೆಯಿಂದ ಎದ್ದಾಗ ಬಾಯಲ್ಲಿ ನಾಲಿಗೆಯ ಜಾಗ ಬದಲಾಗಿದ್ದರೆ ನಮಗೆ ಹೇಗಾಗುತ್ತದೋ ಹಾಗೆ. ಅವಳ ಮುಂದೆ ಕೂತು ತಪ್ಪಾಯಿತು ಎಂದು ಕೇಳಿಕೊಂಡೆ. ಹಳೆಯ ಪದಗಳನ್ನು ಆದಷ್ಟೂ ಮೊದಲಿದ್ದ ದಿಕ್ಕಿಗೇ ತಂದು, ಹೊಸವನ್ನು ಮರೆಮಾಡಿ, ಒಂದೊಂದಾಗಿ ತೆರೆಯುತ್ತ ಹೋದೆ. ಮತ್ತೆ ಹಳಿಗೆ ಬರಲು ಮೂರು ವಾರ ಹಿಡಿಯಿತು. ಈಗ ಯಾರೇ ಕೇಳಿದರೂ ನಾನು ಹೇಳುವುದಿಷ್ಟು: ಮಗುವಿನ ಬೆರಳು ನಿಭಾಯಿಸಬಲ್ಲ ದೊಡ್ಡ ಪುಟದಿಂದಲೇ ಶುರು ಮಾಡಿ, ಬೇಡದ ಚೌಕ ಮುಚ್ಚಿಡಿ, ಒಮ್ಮೆ ಇಟ್ಟ ಪದವನ್ನು ಅಲ್ಲಾಡಿಸಬೇಡಿ.

‘ಕಾಲು ಕಚ್ಚು’

ಏಳನೇ ತಿಂಗಳು. ಮನೆಯಲ್ಲಿ ಸಂಜೆ ನಡೆದದ್ದು. ಅವಳ ಅಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಮೂರ್ನಾಲ್ಕು ದಿನದಿಂದ ಮಗು ಸಂಜೆಯಾದರೆ ಕಿರಿಕಿರಿ ಮಾಡುತ್ತಿತ್ತು, ಅಳುತ್ತಿತ್ತು. ದಣಿವು ಎಂದುಕೊಂಡಿದ್ದರು. ಆ ದಿನ ಟ್ಯಾಬ್ಲೆಟ್ ಮುಂದಿಟ್ಟು, ಪ್ರಶ್ನೆ ಕೇಳದೆ ಪಕ್ಕದಲ್ಲಿ ಕೂತರು. ಅವಳು ದೇಹದ ಪುಟಕ್ಕೆ ಹೋಗಿ ‘ಕಾಲು’ ಎಂದಳು. ಆಮೇಲೆ ಕ್ರಿಯಾಪದಗಳ ಕಡೆ ಕೈ ಒಯ್ದು ತಡಕಾಡಿ ‘ಕಚ್ಚು’ ಎಂದಳು. ಅಮ್ಮ ಗಾಬರಿಯಿಂದ ಇರುವೆಯೋ ಹುಳವೋ ಎಂದು ಹುಡುಕಿದರು. ಏನೂ ಇಲ್ಲ. ಅವಳು ಮುಖ ಎಡಕ್ಕೆ ತಿರುಗಿಸಿ ಮತ್ತೆ ಅದನ್ನೇ ಹೇಳಿದಳು: ‘ಕಾಲು ಕಚ್ಚು. ಕಾಲು ಕಚ್ಚು.’ ಅಮ್ಮ ಕಾಲಿಗೆ ಆಸರೆಯಾಗಿ ಕಟ್ಟಿದ್ದ ಸ್ಪ್ಲಿಂಟ್ ಬಿಚ್ಚಿ ನೋಡಿದರೆ ಹಿಮ್ಮಡಿಯ ಮೇಲೆ, ಪಟ್ಟಿ ಉಜ್ಜುವ ಕಡೆ, ಚರ್ಮ ಸುಲಿದು ಕೆಂಪಾಗಿತ್ತು. ಹೊಸ ಸ್ಪ್ಲಿಂಟ್ ಬಂದು ಒಂದು ವಾರವಾಗಿತ್ತಷ್ಟೆ.

‘ಕಚ್ಚು’ ಪದವನ್ನು ನಾವು ಇಟ್ಟಿದ್ದು ನಾಯಿಯ ಕಥೆಯೊಂದಕ್ಕಾಗಿ. ಸ್ಪ್ಲಿಂಟ್‌ಗೆ ಅದನ್ನು ಬಳಸಲು ಯಾರೂ ಹೇಳಿಕೊಟ್ಟಿರಲಿಲ್ಲ. ಹೊಸ ಚಪ್ಪಲಿ ಕಚ್ಚುತ್ತದೆ ಎಂದು ಮನೆಯವರು ಆಡಿಕೊಳ್ಳುವುದನ್ನು ಅವಳು ಎಂದೋ ಕೇಳಿಸಿಕೊಂಡು ಒಳಗಿಟ್ಟುಕೊಂಡಿದ್ದಳು, ಬೇಕಾದ ದಿನ ತೆಗೆದಳು. ಫೋನಿನಲ್ಲಿ ಇದನ್ನು ಹೇಳುತ್ತ ಅವಳ ಅಮ್ಮ ಅತ್ತರು. ‘ಎಂಟು ವರ್ಷದಲ್ಲಿ ಎಷ್ಟು ಸಲ ಏನೇನು ಕಚ್ಚಿತ್ತೋ ಮಿಸ್, ನಮಗೆ ಗೊತ್ತೇ ಆಗಲಿಲ್ಲ’ ಎಂದರು. ಮರುದಿನವೇ ‘ನೋವು’ ಪದವನ್ನು ದೇಹದ ಪುಟದಿಂದ ಮುಖಪುಟಕ್ಕೆ ತಂದೆವು, ಮುಚ್ಚಿಟ್ಟಿದ್ದ ಒಂದು ಚೌಕ ತೆರೆದು. ಅದು ಮೊದಲ ದಿನವೇ ಅಲ್ಲಿರಬೇಕಿತ್ತು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸೊಂಟದ ಕೀಲು ಜಾರುವ ತೊಂದರೆ ಬರುತ್ತದೆ. ನೋವು ಎಲ್ಲಿ, ಯಾವಾಗ ಎಂದು ಮಗುವೇ ಹೇಳುವುದಕ್ಕೆ ವೈದ್ಯರ ಎದುರು ಬೆಲೆ ಕಟ್ಟಲಾಗದು.

ಅಪ್ಪನ ಭಯ, ಶಾಲೆಯ ಕಪಾಟು

ಅಪ್ಪನಿಗೆ ಮೊದಲಿನಿಂದ ಒಂದು ಅನುಮಾನ: ಯಂತ್ರ ಕೊಟ್ಟರೆ ಬಾಯಿಂದ ಬರುತ್ತಿದ್ದ ಅಷ್ಟಿಷ್ಟು ಸದ್ದೂ ನಿಂತುಹೋದೀತು. ಬಹುತೇಕ ಮನೆಗಳಲ್ಲಿ ಈ ಭಯ ಇರುತ್ತದೆ, ಅದನ್ನು ತಳ್ಳಿಹಾಕಬಾರದು. 2006ರಲ್ಲಿ ಮಿಲ್ಲರ್, ಲೈಟ್, ಶ್ಲಾಸರ್ ಎಂಬ ಸಂಶೋಧಕರು ಹಿಂದಿನ ಅಧ್ಯಯನಗಳನ್ನು ಜಾಲಾಡಿ, ಗಟ್ಟಿ ಪುರಾವೆ ಇದ್ದ 27 ಜನರ ಫಲಿತಾಂಶ ನೋಡಿದ್ದರು. ಎಎಸಿ ಬಳಸಿದ ಮೇಲೆ ಅವರಲ್ಲಿ ಒಬ್ಬರ ಮಾತೂ ಕುಗ್ಗಿರಲಿಲ್ಲ. 89 ಶೇಕಡಾ ಜನರಲ್ಲಿ ಹೆಚ್ಚಿತ್ತು, ಹೆಚ್ಚಳ ಬಹಳವಲ್ಲದಿದ್ದರೂ. ಇದನ್ನು ಅಪ್ಪನಿಗೆ ಹೇಳಿದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಹುಡುಗಿ ‘ಬಾ’ ಗುಂಡಿ ಒತ್ತುವಾಗ ಜೊತೆಗೇ ಬಾಯಲ್ಲೂ ‘ಆ’ ಎನ್ನತೊಡಗಿದ ಮೇಲೆ ನಂಬಿದರು.

ಒಮ್ಮೆ ಪರೀಕ್ಷೆಯ ವಾರದಲ್ಲಿ ಶಾಲೆಯವರು ಟ್ಯಾಬ್ಲೆಟ್ ಒಡೆದೀತೆಂದು ಕಪಾಟಿನಲ್ಲಿ ಬೀಗ ಹಾಕಿಟ್ಟರು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಮಾತಾಡುವ ಮಗುವಿನ ಬಾಯಿಗೆ ಯಾರೂ ಬೀಗ ಹಾಕಿ ಜೋಪಾನ ಮಾಡುವುದಿಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಸಂವಹನ ಎಂದರೇನು ಎಂದು ವಿವರಿಸುವಾಗಲೇ ಪೂರಕ ಮತ್ತು ಪರ್ಯಾಯ ವಿಧಾನಗಳನ್ನು ಸೇರಿಸಿದೆ. ಅದನ್ನು ಮುದ್ರಿಸಿ ಶಾಲೆಗೆ ಕೊಟ್ಟೆವು, ಜೊತೆಗೆ ಮುಖಪುಟದ ಲ್ಯಾಮಿನೇಟ್ ಮಾಡಿದ ಪ್ರತಿ ಒಂದನ್ನು ವೀಲ್‌ಚೇರಿನ ಹಿಂಬದಿಯ ಚೀಲಕ್ಕೆ ಹಾಕಿದೆವು. ಚಾರ್ಜ್ ಮುಗಿದರೆ, ಮಳೆ ಬಂದರೆ, ಯಾರಾದರೂ ಬೀಗ ಹಾಕಿದರೆ ಆ ಹಾಳೆ ಇರುತ್ತದೆ. ಪದಗಳೆಲ್ಲ ಟ್ಯಾಬ್ಲೆಟ್ಟಿನಲ್ಲಿರುವ ಜಾಗದಲ್ಲೇ ಇವೆ.

ಈಗ

ಎರಡು ವರ್ಷವಾಗುತ್ತ ಬಂತು. ಅಕ್ಷರ ಕಲಿಕೆ ನಡೆದಿದೆ, ಕಷ್ಟವಿದೆ. ವರ್ಣಮಾಲೆಯ 49 ಅಕ್ಷರಗಳ ಮೇಲೆ ಕಾಗುಣಿತ, ಒತ್ತಕ್ಷರ. ಒಂದು ಅಕ್ಷರಕ್ಕೆ ಎರಡು ಮೂರು ಸಲ ಬೆರಳು ಇಳಿಯಬೇಕು. ಸದ್ಯಕ್ಕೆ ಮೊದಲ ಅಕ್ಷರ ತೋರಿಸಿ ಉಳಿದದ್ದನ್ನು ನಮ್ಮಿಂದ ಊಹಿಸಿ ಹೇಳಿಸುತ್ತಾಳೆ. ಗದ್ದಲದ ತರಗತಿಯಲ್ಲಿ ಧ್ವನಿ ಸಾಲದು ಎಂದು ಮೇಜಿನ ಅಂಚಿಗೆ ಒಂದು ಸಣ್ಣ ಸ್ಪೀಕರ್ ಕಟ್ಟಿದ್ದೇವೆ.

ಕಳೆದ ವಾರ ಮೂರನೇ ಸಾಲಿನ ಖಾಲಿ ಚೌಕ ತೋರಿಸಿ, ಇಲ್ಲಿಗೆ ಯಾವ ಪದ ಬೇಕು ಎಂದು ಅವಳನ್ನೇ ಕೇಳಿದೆವು. ಅವಳು ಅಕ್ಷರದ ಪುಟಕ್ಕೆ ಹೋಗಿ ‘ಸ’ ಒತ್ತಿದಳು. ಸಕ್ಕರೆ? ಸೈಕಲ್? ಸಂತೋಷ? ಪ್ರತಿಸಲವೂ ಮುಖ ಎಡಕ್ಕೆ. ಹತ್ತು ಎಣಿಸಿ ಕಾದೆ. ಮುಖಪುಟಕ್ಕೆ ಮರಳಿ ‘ನಿಜ’ ಎಂದಳು, ಆಮೇಲೆ ‘ಅಲ್ಲ’. ಬೆಂಚಿನ ಗೆಳತಿಗೆ ನನಗಿಂತ ಮೊದಲೇ ಹೊಳೆಯಿತು. ‘ಸುಳ್ಳು! ಮಿಸ್, ಅವಳಿಗೆ ಸುಳ್ಳು ಬೇಕು!’ ಹುಡುಗಿಯ ಕಣ್ಣು ಮೇಲೆ ಹೋಯಿತು. ಗೆಳತಿ ಅಲ್ಲೇ ನಿಂತು ಪದ ರೆಕಾರ್ಡ್ ಮಾಡಿಕೊಟ್ಟಳು. ಮೂರನೇ ಸಾಲು, ಆರನೇ ಚೌಕ. ಆ ದಿನ ಊಟದ ಬಿಡುವಿನಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ತಾನು ಲೆಕ್ಕವನ್ನೆಲ್ಲ ಮುಗಿಸಿದ್ದೇನೆ ಎಂದಾಗ ಅವಳ ಕೈ ಮೇಜಿನ ಮೇಲೆ ನಿಧಾನವಾಗಿ ತಿರುಚುತ್ತ ಹೊರಟಿತು, ಇಡೀ ಬೆಂಚು ಅದು ತಲುಪುವವರೆಗೂ ಕಾದಿತ್ತು.